ಒಂದೇ ಇರುವೆ, ಎರಡು ಹೆಸರು



ಎರಡು ಚಳಿಗಾಲಗಳ ಹಿಂದೆ ನಮ್ಮ ಸಂಘದ ಹತ್ತಾರು ಕುಟುಂಬಗಳು ಬಾರುಯಿಪುರದ ಕಡೆಯ ಒಂದು ಸೀಬೆ ತೋಟಕ್ಕೆ ಪಿಕ್‌ನಿಕ್‌ಗೆ ಹೋಗಿದ್ದೆವು. ಬಿಸಿಬೇಳೆಬಾತಿನ ಪಾತ್ರೆ ಇನ್ನೂ ಒಲೆಯ ಮೇಲಿತ್ತು. ಅಷ್ಟರಲ್ಲಿ ಮರ ಹತ್ತಿದ್ದ ಹುಡುಗನೊಬ್ಬ ಕಿರುಚುತ್ತಾ ಕೆಳಗೆ ಜಿಗಿದ. ಕುತ್ತಿಗೆ, ತೋಳು, ಅಂಗಿಯ ಒಳಗೆಲ್ಲ ಕೆಂಪು ಇರುವೆಗಳು! ತೋಟದ ಮಾಲಿ ಓಡಿಬಂದು ಅವನ್ನು ಕೊಡವುತ್ತಾ "ನಾಲ್ಸೊ, ನಾಲ್ಸೊ" ಎಂದ. ಮೊಮ್ಮಕ್ಕಳನ್ನು ನೋಡಲು ಶೃಂಗೇರಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಕುಳಿತಲ್ಲಿಂದಲೇ ಹೇಳಿದರು: "ಚಗಳಿ ಕಣೋ ಅದು. ನಮ್ಮ ತೋಟದ ತುಂಬಾ ಇದೆ. ಉರಿಯತ್ತೆ ಅಷ್ಟೆ, ಸ್ವಲ್ಪ ಹೊತ್ತಿಗೆ ಹೋಗತ್ತೆ."

ಹುಡುಗ ಅಳು ನಿಲ್ಲಿಸಿ ಕೇಳಿದ: "ಅಜ್ಜಿ, ಇದೇ ಇರುವೆ ನಿಮ್ಮೂರಲ್ಲೂ ಇದೆಯಾ?"

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ನೀವು ಇಲ್ಲಿ ಹುಟ್ಟಿದವರು, ಇಲ್ಲೇ ಓದಿದವರು. ಮನೆಯಲ್ಲಿ ಹಿರಿಯರಾದ ನಾವು ದಿನವೂ "ನಮ್ಮೂರಲ್ಲಿ ಹಾಗೆ, ನಮ್ಮೂರಲ್ಲಿ ಹೀಗೆ" ಎನ್ನುತ್ತಿರುತ್ತೇವೆ. ಕಾಡು, ಮಳೆ, ಜೀರುಂಡೆ, ಮಿಂಚುಹುಳು ಎಲ್ಲವೂ ಹೌರಾ ಸ್ಟೇಷನ್ನಿನಿಂದ ರೈಲು ಹತ್ತಿ ಹೋದ ಮೇಲೆಯೇ ಸಿಗುವಂಥವು ಎಂಬಂತೆ ಮಾತನಾಡುತ್ತೇವೆ. ಹೀಗಾಗಿ ನಿಮ್ಮಲ್ಲಿ ಹಲವರಿಗೆ ಊರಿನ ನಿಸರ್ಗ ಕಥೆಯಲ್ಲಿ ಮಾತ್ರ ಗೊತ್ತು, ಕಣ್ಣೆದುರಿನದು ಗೊತ್ತೇ ಇಲ್ಲ. ಈ ನಷ್ಟವನ್ನು ತುಂಬಿಕೊಳ್ಳಲು ನಾನು ಕಂಡುಕೊಂಡ ಒಂದು ದಾರಿ ಕೀಟಗಳ ಸಮೀಪ ಛಾಯಾಗ್ರಹಣ, ಅಂದರೆ ಮ್ಯಾಕ್ರೋ ಫೋಟೋಗ್ರಫಿ. ಅದರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು.

ಎಲೆ ಹೊಲಿಯುವ ಇರುವೆ

ಮೊದಲು ಆ ಹುಡುಗನ ಪ್ರಶ್ನೆಗೆ ಉತ್ತರ. ಹೌದು, ಎರಡೂ ಒಂದೇ ಇರುವೆ. ವಿಜ್ಞಾನದಲ್ಲಿ ಅದರ ಹೆಸರು ಈಕೋಫಿಲ್ಲಾ ಸ್ಮರಾಗ್ಡಿನಾ. ಭಾರತದಿಂದ ಆಸ್ಟ್ರೇಲಿಯಾದವರೆಗೆ ಇದರ ಸಾಮ್ರಾಜ್ಯ. ಸ್ಮರಾಗ್ಡಿನಾ ಎಂದರೆ ಪಚ್ಚೆಯ ಬಣ್ಣದ್ದು. ಆಸ್ಟ್ರೇಲಿಯಾದಲ್ಲಿ ಇದರ ಹೊಟ್ಟೆ ಹಸಿರು. ನಮ್ಮಲ್ಲಿ ಮೈಯೆಲ್ಲ ಕೆಂಪು. ಮಲೆನಾಡಿನಲ್ಲಿ ಚಗಳಿ, ಕೆಲವೆಡೆ ಚಿಗಳಿ. ಬಂಗಾಳದಲ್ಲಿ ನಾಲ್ಸೊ. ಮಲೆನಾಡಿನವರು ಇದರ ಚಟ್ನಿ ಮಾಡುತ್ತಾರೆ. ಪಕ್ಕದ ಒಡಿಶಾದ ಮಯೂರ್‌ಭಂಜ್‌ನಲ್ಲೂ ಮಾಡುತ್ತಾರೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಲ್ಲಿ ಅದರ ಹೆಸರು ಸಿಮಿಲಿಪಾಲ್ ಕಾಯಿ ಚಟ್ನಿ! ಒಡಿಶಾದ ಗೆಳೆಯರ ಮನೆಗೆ ಹೋದಾಗ ತೆಂಗಿನಕಾಯಿ ಚಟ್ನಿ ಎಂದು ತಿಳಿದು ಇಡ್ಲಿಯ ಮೇಲೆ ಸುರಿದುಕೊಂಡೀರಿ, ಜೋಕೆ. ಕಚ್ಚಿದ ಜಾಗದಲ್ಲಿ ಉರಿ ಹತ್ತಿಸುವ ಫಾರ್ಮಿಕ್ ಆಮ್ಲವೇ ಚಟ್ನಿಗೆ ಹುಳಿಯನ್ನೂ ಕೊಡುತ್ತದೆ.

ಈ ಇರುವೆ ನೆಲದಲ್ಲಿ ಬಿಲ ತೋಡುವುದಿಲ್ಲ. ಮರದ ಹಸಿ ಎಲೆಗಳನ್ನೇ ಸೇರಿಸಿ ಗೂಡು ಕಟ್ಟುತ್ತದೆ. ಹತ್ತಾರು ಇರುವೆಗಳು ಸಾಲಾಗಿ ನಿಂತು ಎಲೆಯ ಅಂಚನ್ನು ಹಿಡಿದು ಎಳೆಯುತ್ತವೆ. ಎರಡು ಎಲೆಗಳ ನಡುವಿನ ಅಂತರ ಹೆಚ್ಚಾಗಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದ ಮೇಲೆ ಬರುವುದೇ ನಿಜವಾದ ಸೋಜಿಗ. ಬೆಳೆದ ಇರುವೆಗೆ ನೂಲು ತೆಗೆಯಲು ಬಾರದು, ಅದರ ಮರಿಹುಳುವಿಗೆ ಬರುತ್ತದೆ. ಆದ್ದರಿಂದ ಇರುವೆ ತನ್ನ ಗೂಡಿನ ಮರಿಹುಳುವನ್ನು ದವಡೆಯಲ್ಲಿ ಮೆಲ್ಲಗೆ ಹಿಡಿದುಕೊಂಡು, ನೇಕಾರ ಲಾಳಿಯನ್ನು ಆಡಿಸುವಂತೆ ಈ ಎಲೆಯಿಂದ ಆ ಎಲೆಗೆ, ಆ ಎಲೆಯಿಂದ ಈ ಎಲೆಗೆ ಮುಟ್ಟಿಸುತ್ತದೆ. ಮರಿಯ ಬಾಯಿಂದ ಬಂದ ರೇಷ್ಮೆಯ ಎಳೆ ಎಲೆಗಳನ್ನು ಹೊಲಿಯುತ್ತದೆ.

ಇದನ್ನೆಲ್ಲ ಬರಿಗಣ್ಣಿನಿಂದ ನೋಡುವುದು ಕಷ್ಟ. ದೊಡ್ಡ ಕೆಲಸಗಾರ ಇರುವೆಯ ಉದ್ದವೇ ಹತ್ತು ಮಿಲಿಮೀಟರ್ ಆಸುಪಾಸು. ಆದರೂ ನಮ್ಮ ಇದೇ ನಗರದಲ್ಲಿ ಒಬ್ಬರು ವರ್ಷಗಟ್ಟಲೆ ಇದನ್ನು ನೋಡಿದರು.

ಗೋಪಾಲಚಂದ್ರ ಭಟ್ಟಾಚಾರ್ಯ

ಗೋಪಾಲಚಂದ್ರ ಭಟ್ಟಾಚಾರ್ಯರು ಹುಟ್ಟಿದ್ದು 1895ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಲೋನ್ಸಿಂಗ್ ಎಂಬ ಹಳ್ಳಿಯಲ್ಲಿ. ಬಡ ಪುರೋಹಿತರ ಮನೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಕಾಲೇಜು ಓದು ಅರ್ಧಕ್ಕೆ ನಿಂತಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಕಲ್ಕತ್ತೆಗೆ ಬಂದು ಟೆಲಿಫೋನ್ ಆಪರೇಟರ್ ಆದರು. ಕೊಳೆತ ಗಿಡಮರಗಳು ರಾತ್ರಿ ಬೆಳಗುವುದನ್ನು ಕುರಿತು ಅವರು ಬರೆದ ಬಂಗಾಳಿ ಲೇಖನವೊಂದು 'ಪ್ರವಾಸಿ' ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅದು ಜಗದೀಶಚಂದ್ರ ಬೋಸರ ಕಣ್ಣಿಗೆ ಬಿದ್ದು, ಅವರು ಈ ತರುಣನನ್ನು ಕರೆಸಿಕೊಂಡರು. 1917ರಲ್ಲಿ ಬೋಸರು ಸ್ಥಾಪಿಸಿದ್ದ ಬಸು ವಿಜ್ಞಾನ ಮಂದಿರಕ್ಕೆ ಗೋಪಾಲಚಂದ್ರರು 1921ರಲ್ಲಿ ಸೇರಿದರು.

'ಪ್ರವಾಸಿ' ಎಂಬ ಮಾತನ್ನು ಗಮನಿಸಿ. ಕನ್ನಡದಲ್ಲಿ ಅದು ಊರು ಸುತ್ತುವವನು. ಬಂಗಾಳಿಯಲ್ಲಿ ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದವನು. 1901ರಲ್ಲಿ ರಾಮಾನಂದ ಚಟರ್ಜಿಯವರು ಆ ಪತ್ರಿಕೆಯನ್ನು ಆರಂಭಿಸಿದ್ದೂ ಬಂಗಾಳದ ಹೊರಗೆ, ಅಲಹಾಬಾದಿನಲ್ಲಿ. ಬಂಗಾಳಿಯ ಆ ಅರ್ಥದಲ್ಲಿ ನಮ್ಮ ಸಂಘದ ಸದಸ್ಯರೆಲ್ಲ ಪ್ರವಾಸಿಗಳೇ!

ಗೋಪಾಲಚಂದ್ರರಲ್ಲಿ ದೊಡ್ಡ ಪದವಿಯಿರಲಿಲ್ಲ. ಇದ್ದದ್ದು ತಾಳ್ಮೆ, ಕ್ಯಾಮೆರಾ ಮತ್ತು ನಗರದ ಸುತ್ತಮುತ್ತಲ ಪೊದೆ, ಕೊಳ, ತೋಟಗಳು. ಮೀನು ಹಿಡಿದು ತಿನ್ನುವ ಜೇಡವನ್ನು ನೋಡಿದರು, ಚಿತ್ರ ತೆಗೆದರು, ಬರೆದರು. ನಾಲ್ಸೊ ಇರುವೆಗಳ ಸಂಸಾರ ತಿಳಿಯಲು ಒಳಗೆ ನಡೆಯುವುದೆಲ್ಲ ಹೊರಗಿನಿಂದ ಕಾಣುವಂಥ ಪಾರದರ್ಶಕ ಗೂಡನ್ನು ಅಣಿಗೊಳಿಸಿದರು. ಒಂದೇ ತಾಯಿಯ ಮಕ್ಕಳಲ್ಲಿ ಒಂದು ರಾಣಿಯಾಗುವುದಕ್ಕೂ ಇನ್ನೊಂದು ಕೂಲಿಯಾಗುವುದಕ್ಕೂ ತಿನ್ನುವ ಆಹಾರಕ್ಕೂ ಇರುವ ಸಂಬಂಧವನ್ನು ಹುಡುಕಿದರು. ಇಂಗ್ಲಿಷಿನಲ್ಲಿ ಸಂಶೋಧನಾ ಲೇಖನಗಳನ್ನು ಬರೆದರೂ ಅವರ ಮನಸ್ಸು ಇದ್ದದ್ದು ತಾಯ್ನುಡಿಯಲ್ಲಿ. ಸತ್ಯೇಂದ್ರನಾಥ ಬೋಸರು 1948ರಲ್ಲಿ ಕಟ್ಟಿದ ಬಂಗೀಯ ವಿಜ್ಞಾನ ಪರಿಷತ್ತಿನ ಪತ್ರಿಕೆ 'ಜ್ಞಾನ್ ಓ ಬಿಜ್ಞಾನ್'ಗೆ ಬಹುಕಾಲ ದುಡಿದರು. ಮಕ್ಕಳಿಗಾಗಿ 'ಕೊರೆ ದ್ಯಾಖೊ', ಅಂದರೆ 'ಮಾಡಿ ನೋಡು' ಎಂಬ ಪುಸ್ತಕಗಳನ್ನು ಬರೆದರು. 'ಬಾಂಗ್ಲಾರ್ ಕೀಟ್ ಪತಂಗ' ಎಂಬ ಅವರ ಕೃತಿಗೆ 1975ರಲ್ಲಿ ರವೀಂದ್ರ ಪುರಸ್ಕಾರ ಬಂತು. 1981ರಲ್ಲಿ ತೀರಿಕೊಂಡರು.

ನೀವು ಬಂಗಾಳಿಯನ್ನು ಸಲೀಸಾಗಿ ಓದುತ್ತೀರಿ, ನಮ್ಮ ಹಾಗೆ ತಡವರಿಸುವವರಲ್ಲ. ಕಾಲೇಜ್ ಸ್ಟ್ರೀಟಿಗೆ ಹೋದಾಗ ಆ ಪುಸ್ತಕವನ್ನು ಕೇಳಿ. ಓದಿದ ಮೇಲೆ ನಮ್ಮ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಮತ್ತು 'ಪರಿಸರದ ಕತೆ'ಯನ್ನೂ ಕೈಗೆತ್ತಿಕೊಳ್ಳಿ. ತೇಜಸ್ವಿಯವರೂ ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದವರು, ಕಂಡದ್ದನ್ನು ತಾಯ್ನುಡಿಯಲ್ಲಿ ಬರೆದವರು. ಈ ಇಬ್ಬರನ್ನೂ ಅವರವರ ಭಾಷೆಯಲ್ಲೇ ಓದಬಲ್ಲವರು ದೇಶದಲ್ಲಿ ಎಷ್ಟು ಜನ ಸಿಕ್ಕಾರು? ನೀವು ಆ ಕೆಲವರಲ್ಲಿ ಸೇರಿದವರು.

ಹತ್ತಿರ ಹೋದಂತೆಲ್ಲ ತೆಳುವಾಗುವ ಸ್ಪಷ್ಟತೆ

ಈಗ ಕ್ಯಾಮೆರಾದ ವಿಷಯ. ಕೀಟದ ನಿಜ ಗಾತ್ರವೆಷ್ಟೋ ಅಷ್ಟೇ ಗಾತ್ರದ ಬಿಂಬ ಕ್ಯಾಮೆರಾದ ಒಳಗಿನ ಸೆನ್ಸರಿನ ಮೇಲೆ ಬಿದ್ದರೆ ಅದನ್ನು ಒಂದಕ್ಕೊಂದು ಪ್ರಮಾಣ ಎನ್ನುತ್ತಾರೆ. ಪೂರ್ಣ ಗಾತ್ರದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಹತ್ತು ಮಿಲಿಮೀಟರಿನ ಚಗಳಿ ಅದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಅಗಲವನ್ನು ತುಂಬುತ್ತದೆ. ಆ ಚಿತ್ರವನ್ನು ಹನ್ನೆರಡು ಇಂಚು ಅಗಲಕ್ಕೆ ಮುದ್ರಿಸಿದರೆ ಇರುವೆ ನಿಮ್ಮ ಅಂಗೈಯಷ್ಟು ಅಗಲವಾಗಿ ಎದುರು ನಿಲ್ಲುತ್ತದೆ. ದವಡೆಯ ಹಲ್ಲುಗಳನ್ನೂ ಕಾಲಿನ ರೋಮಗಳನ್ನೂ ಆಗ ಎಣಿಸಬಹುದು.

ತೊಡಕು ಇರುವುದು ಬೇರೆ ಕಡೆ. ಹತ್ತಿರ ಹೋದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ಒಂದಕ್ಕೊಂದು ಪ್ರಮಾಣದಲ್ಲಿ ದ್ಯುತಿರಂಧ್ರವನ್ನು ಎಫ್ 11ರಷ್ಟು ಕಿರಿದಾಗಿಸಿದರೂ ಆ ಪದರದ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು, ಹೊಟ್ಟೆ ಸ್ಪಷ್ಟವಾದರೆ ಕಣ್ಣು ಮಸುಕು. ನೀವು ಉಸಿರಾಡಿದರೆ ಸಾಕು, ಇಡೀ ಇರುವೆಯೇ ಮಸುಕು! ದ್ಯುತಿರಂಧ್ರ ಕಿರಿದಾದ್ದರಿಂದ ಬೆಳಕೂ ಸಾಲದು, ಫ್ಲಾಷ್ ಬೇಕು. ಬರಿಯ ಫ್ಲಾಷ್ ಹೊಡೆದರೆ ಹೊಳೆಯುವ ಮೈಯ ಮೇಲೆ ಬಿಳಿಯ ಚುಕ್ಕೆಗಳು. ಆದ್ದರಿಂದ ಫ್ಲಾಷಿನ ಮುಂದೆ ಟ್ರೇಸಿಂಗ್ ಪೇಪರನ್ನೋ ತೆಳುವಾದ ಬಿಳಿ ಬಟ್ಟೆಯನ್ನೋ ಕಟ್ಟಿ ಬೆಳಕನ್ನು ಮೃದುಗೊಳಿಸಬೇಕು.

ದುಬಾರಿ ಮ್ಯಾಕ್ರೋ ಲೆನ್ಸ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಚೌರಂಗಿಯ ಮೆಟ್ರೋ ಗಲ್ಲಿಯ ಅಂಗಡಿಗಳಲ್ಲಿ ವಿಚಾರಿಸಿದರೆ ಲೆನ್ಸನ್ನು ಹಿಂದುಮುಂದಾಗಿ ಜೋಡಿಸುವ ಉಂಗುರ ಸಿಗುತ್ತದೆ. 50 ಮಿಲಿಮೀಟರಿನ ಹಳೆಯ ಲೆನ್ಸನ್ನು ಹಾಗೆ ತಿರುಗಿಸಿ ಹಾಕಿದರೆ ನಿಜ ಗಾತ್ರದ ಹತ್ತಿರಕ್ಕೆ ಹೋಗಬಹುದು. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರಗಳೂ ಇವೆ. ಕಲಿಯಲು ಅಷ್ಟು ಸಾಕು. ಫೋಕಸ್ಸನ್ನು ಒಂದು ಕಡೆ ನಿಲ್ಲಿಸಿ, ಮೊಣಕೈಯನ್ನು ನೆಲಕ್ಕೋ ಮೊಣಕಾಲಿಗೋ ಊರಿ, ಉಸಿರು ಬಿಗಿಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಗುಂಡಿ ಒತ್ತಬೇಕು. ನಸುಕಿನ ಹೊತ್ತು ಒಳ್ಳೆಯದು. ತಂಪಿಗೆ ಕೀಟಗಳು ಚುರುಕಾಗಿರುವುದಿಲ್ಲ, ಗಾಳಿಯೂ ಕಡಿಮೆ. ರವೀಂದ್ರ ಸರೋವರದ ಸುತ್ತ ವಾಕಿಂಗ್ ಮಾಡುವವರು ನಿಮ್ಮನ್ನು ವಿಚಿತ್ರವಾಗಿ ನೋಡಿಯಾರು, ನೋಡಲಿ ಬಿಡಿ.

ಎಂಟು ಕಾಲಿನ ಇರುವೆ

ನಾನು ಈ ಹುಚ್ಚಿಗೆ ಬಿದ್ದದ್ದು ಫಿಲಂ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. ತೊಳೆಸಿ ತಂದರೆ ಎರಡೋ ಮೂರೋ ನೋಡುವಂತಿರುತ್ತಿದ್ದವು. ಹಾಗೆ ಬಂದ ಒಂದು ಚಗಳಿಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕಾಲು ಎಣಿಸಿದೆ. ಎಂಟು! ಮತ್ತೆ ಎಣಿಸಿದೆ. ಎಂಟೇ.

ಅದು ಇರುವೆಯಾಗಿರಲಿಲ್ಲ, ಇರುವೆಯ ವೇಷ ಹಾಕಿದ ಜೇಡ. ಬಹುಕಾಲ ಮಿರ್ಮರಾಕ್ನೆ ಎಂಬ ಕುಲದಲ್ಲಿದ್ದು ಈಗ ಮಿರ್ಮಪ್ಲಾಟಾ ಎನ್ನಿಸಿಕೊಂಡಿರುವ ಈ ಜೇಡ ಬಣ್ಣ, ಸಣ್ಣ ಸೊಂಟ, ನಡಿಗೆ ಎಲ್ಲದರಲ್ಲೂ ಚಗಳಿಯ ಪಡಿಯಚ್ಚು. ಮುಂದಿನ ಎರಡು ಕಾಲುಗಳನ್ನು ಎತ್ತಿ ಮೀಸೆಯಂತೆ ಆಡಿಸುತ್ತಾ ಚಗಳಿಗಳ ಬೀದಿಯಲ್ಲೇ ಓಡಾಡುತ್ತದೆ. ಹುಳಿ ಹುಳಿಯಾಗಿ ಕಚ್ಚುವ ಇರುವೆಯ ತಂಟೆಗೆ ಬೇಟೆಗಾರರು ಸಾಮಾನ್ಯವಾಗಿ ಹೋಗುವುದಿಲ್ಲವಾದ್ದರಿಂದ ಈ ವೇಷವೇ ಅದಕ್ಕೆ ರಕ್ಷಣೆ. ನಿಜವಾದ ಇರುವೆ ತೀರಾ ಹತ್ತಿರ ಬಂದರೆ ನೂಲು ಬಿಟ್ಟು ಕೆಳಕ್ಕೆ ಜಾರಿಬಿಡುತ್ತದೆ. ಇಂಥ ವೇಷಧಾರಿಗಳ ಬಗ್ಗೆಯೂ ಗೋಪಾಲಚಂದ್ರರು ಬರೆದಿದ್ದಾರೆ. ವರ್ಷಗಟ್ಟಲೆ ಆ ಮರದ ಕೆಳಗೆ ಓಡಾಡಿದ್ದ ನನಗೆ ಕಾಣದ್ದನ್ನು ಒಂದು ಚಿತ್ರ ತೋರಿಸಿಕೊಟ್ಟಿತು.

ನಾನು ಯಾರಿಗೂ ತೋರಿಸದ ಚಿತ್ರ

ಈಗ ಒಂದು ತಪ್ಪೊಪ್ಪಿಗೆ. ಅದೇ ಕಾಲದಲ್ಲಿ ಮರಿಹುಳುವಿನಿಂದ ಎಲೆ ಹೊಲಿಯುವ ಚಿತ್ರ ಬೇಕೆಂಬ ಹಟ ನನಗೆ ಹತ್ತಿತ್ತು. ನಾಲ್ಕು ಭಾನುವಾರ ಕಾದೆ, ಸಿಗಲಿಲ್ಲ. ಐದನೆಯ ಭಾನುವಾರ ಒಂದು ಕಡ್ಡಿಯಿಂದ ಗೂಡಿನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಬಿಚ್ಚಿದರೆ ಮತ್ತೆ ಹೊಲಿಯಬೇಕಲ್ಲ ಎಂಬ ಲೆಕ್ಕಾಚಾರ. ಬಿಳಿಯ ಮರಿಹುಳುಗಳು ಅಕ್ಕಿ ಚೆಲ್ಲಿದಂತೆ ನೆಲಕ್ಕೆ ಉದುರಿದವು. ಇರುವೆಗಳು ನನ್ನನ್ನು ಕಚ್ಚಿದವು, ಅದು ನ್ಯಾಯವೇ. ಆದರೆ ಹೆಚ್ಚಿನವು ನನ್ನ ಕಡೆ ತಿರುಗಿಯೂ ನೋಡದೆ, ಬಿದ್ದ ಮರಿಗಳನ್ನು ಒಂದೊಂದಾಗಿ ದವಡೆಯಲ್ಲಿ ಎತ್ತಿಕೊಂಡು ಕಾಂಡದ ಮೇಲೆ ಹತ್ತತೊಡಗಿದವು. ಬೇರೆ ಜಾತಿಯ ಕಪ್ಪು ಇರುವೆಗಳು ಬಂದು ನೆಲದಲ್ಲಿದ್ದವನ್ನು ಹೊತ್ತೊಯ್ದವು. ನಾನು ಚಿತ್ರ ತೆಗೆಯುತ್ತಲೇ ಇದ್ದೆ.

ಚಿತ್ರ ಚೆನ್ನಾಗಿಯೇ ಬಂತು, ಬೆಳಕು, ಸ್ಪಷ್ಟತೆ ಎಲ್ಲವೂ ಸರಿಯಾಗಿದ್ದವು. ಅದನ್ನು ಇದುವರೆಗೆ ಎಲ್ಲಿಗೂ ಕಳಿಸಿಲ್ಲ, ಯಾರಿಗೂ ತೋರಿಸಿಲ್ಲ. ಗೋಪಾಲಚಂದ್ರರು ಇರುವೆಯ ಸಂಸಾರ ನೋಡಲು ಪಾರದರ್ಶಕ ಗೂಡು ಮಾಡಿಕೊಟ್ಟರೆ, ನಾನು ಇದ್ದ ಗೂಡನ್ನು ಒಡೆದಿದ್ದೆ.

ಈಗ ಈ ತಪ್ಪಿನ ದಾರಿಗಳು ಇನ್ನೂ ಹೆಚ್ಚಿವೆ. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಕೂರಿಸುವವರಿದ್ದಾರೆ. ಅಂಟು ಹಾಕಿ ನಿಲ್ಲಿಸುವವರಿದ್ದಾರೆ. ಅಂತರಜಾಲದಲ್ಲಿ ಕಪ್ಪೆಯ ಬೆನ್ನ ಮೇಲೆ ಬಸವನಹುಳು ಸವಾರಿ ಮಾಡುವ ಮುದ್ದಾದ ಚಿತ್ರ ಕಂಡರೆ ಒಮ್ಮೆ ಅನುಮಾನಿಸಿ. ಸಿಗದ ಚಿತ್ರ ಸಿಗಲಿಲ್ಲ, ಅಷ್ಟೇ. ಮುಂದಿನ ಭಾನುವಾರ ಇದ್ದೇ ಇರುತ್ತದೆ.

ಬಾಲ್ಕನಿಯ ಕರಿಬೇವು

ತೋಟಕ್ಕೆ ಹೋಗಲು ಬಿಡುವಿಲ್ಲ, ಟ್ಯೂಷನ್ ಇದೆ, ಪರೀಕ್ಷೆ ಇದೆ ಎನ್ನುತ್ತೀರಾ? ನಿಮ್ಮ ಅಮ್ಮ ಬಾಲ್ಕನಿಯಲ್ಲಿ ಕುಂಡದಲ್ಲಿ ಬೆಳೆಸಿರುವ ಕರಿಬೇವೇ ಒಂದು ಸ್ಟುಡಿಯೋ. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಸಿಕ್ಕರೂ ಕುಂಡದ ಗಿಡದ ಮೇಲೆ ನಮ್ಮವರಿಗೆ ಒಂದು ಮಮತೆ. ಅದೇ ಮಮತೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಗೂ ಇದೆ. ಕರಿಬೇವು, ನಿಂಬೆಯ ಜಾತಿಯ ಗಿಡಗಳ ಮೇಲೆ ಅದು ಮೊಟ್ಟೆಯಿಡುತ್ತದೆ. ಎಳೆಯ ಮರಿ ನೋಡಲು ಹಕ್ಕಿಯ ಹಿಕ್ಕೆಯ ಹಾಗೆ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಬಲಿತ ಮೇಲೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಗೊಂಬನ್ನು ಹೊರಚಾಚಿ ನಾತ ಬಿಡುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚುಕಡಿಮೆ ಒಂದು ತಿಂಗಳು, ಚಳಿಯಲ್ಲಿ ಇನ್ನೂ ತಡ.

ಅಮ್ಮ "ಹುಳ ಬಿದ್ದಿದೆ" ಎಂದು ಚಿವುಟಿ ಎಸೆಯುವ ಮೊದಲು ಒಂದು ರಾಜಿ ಮಾಡಿಕೊಳ್ಳಿ. ಒಂದು ಕೊಂಬೆ ಹುಳಕ್ಕೆ, ಉಳಿದದ್ದು ಸಾರಿಗೆ. ದಿನಕ್ಕೊಂದು ಚಿತ್ರ ತೆಗೆದರೂ ತಿಂಗಳ ಕೊನೆಗೆ ಒಂದು ಜೀವದ ಪೂರ್ಣ ಚರಿತ್ರೆ ನಿಮ್ಮ ಕೈಯಲ್ಲಿರುತ್ತದೆ.

ಹೆಸರು ಬರೆದಿಡಿ

ತೆಗೆದ ಚಿತ್ರ ಮೊಬೈಲಿನಲ್ಲಿ ಸಾವಿರದಲ್ಲೊಂದಾಗಿ ಕಳೆದುಹೋಗದಿರಲಿ. ದಿನಾಂಕ, ಸ್ಥಳ, ಯಾವ ಗಿಡದ ಮೇಲೆ ಎಂಬುದನ್ನು ಕೂಡಲೇ ಬರೆದಿಡಿ. ಐನ್ಯಾಚುರಲಿಸ್ಟ್ ಎಂಬ ಅಂತರಜಾಲ ತಾಣಕ್ಕೆ ಹಾಕಿದರೆ ಬಲ್ಲವರು ಗುರುತು ಹಿಡಿದು ಹೇಳುತ್ತಾರೆ. ನಿಮ್ಮ ಚಿತ್ರ ಒಂದು ದಾಖಲೆಯಾಗುತ್ತದೆ. ಕೊಳ ಮುಚ್ಚಿ ಕಟ್ಟಡ ಏಳುವ ಈ ನಗರದಲ್ಲಿ, ಇಂಥ ದಿನ ಇಂಥ ಮರದ ಮೇಲೆ ಇಂಥ ಜೀವ ಇತ್ತು ಎಂಬ ಸಾಕ್ಷಿಗೆ ಬೆಲೆಯಿದೆ. 1916ರಲ್ಲಿ ಹುಟ್ಟಿದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೇಂದ್ರ ಕಚೇರಿಯೂ ನಮ್ಮ ಕೋಲ್ಕತ್ತದಲ್ಲೇ ಇದೆ ಎಂಬುದು ನೆನಪಿರಲಿ.

ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿ. ಚಿತ್ರವನ್ನು ಮೊದಲು ಬೀದಿಯ ಮಾಲಿಗೆ, ಹೂವಿನವರಿಗೆ ತೋರಿಸಿ ಬಂಗಾಳಿ ಹೆಸರು ಕೇಳಿ. ಆಮೇಲೆ ಊರಿಗೆ ಫೋನ್ ಮಾಡಿದಾಗ ಅಜ್ಜಿಗೋ ದೊಡ್ಡಪ್ಪನಿಗೋ ಕಳಿಸಿ ಕನ್ನಡದ ಹೆಸರು ಕೇಳಿ. "ಊಟ ಆಯ್ತಾ, ಹುಷಾರಾಗಿದೀಯಾ" ಆದ ಮೇಲೆ ಮಾತು ಮುಗಿದುಹೋಗುತ್ತದೆ ಎಂದು ನೀವು ಹೇಳುವುದನ್ನು ಕೇಳಿದ್ದೇನೆ. ಒಂದು ಹುಳುವಿನ ಚಿತ್ರ ಕಳಿಸಿ ನೋಡಿ. ಅರ್ಧ ಗಂಟೆಯಾದರೂ ಅವರು ಫೋನ್ ಇಡುವುದಿಲ್ಲ. ಶಿವಮೊಗ್ಗದಲ್ಲಿ ಒಂದು ಹೆಸರು, ಧಾರವಾಡದಲ್ಲಿ ಇನ್ನೊಂದು. ಎಷ್ಟೋ ಹೆಸರುಗಳು ಆ ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ. ಅವರ ನಂತರ ಯಾರನ್ನು ಕೇಳುತ್ತೀರಿ?

ಆ ಪಿಕ್‌ನಿಕ್ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ರಾಜ್ಯೋತ್ಸವದ ದಿನ ಅವನು ಒಂದು ಚಿತ್ರ ತಂದು ನನ್ನ ಕೈಗಿತ್ತ. ಸ್ವಲ್ಪ ಮಸುಕು, ಆದರೆ ಕಣ್ಣು ಸ್ಪಷ್ಟ. ಹಿಂಬದಿಯಲ್ಲಿ ಓರೆಕೋರೆ ಕನ್ನಡ ಅಕ್ಷರಗಳಲ್ಲಿ ಬರೆದಿದ್ದ: "ಬಾರುಯಿಪುರ. ಸೀಬೆ ಮರ. ಅಜ್ಜಿ: ಚಗಳಿ. ಮಾಲಿ ಕಾಕು: ನಾಲ್ಸೊ." ಅದರ ಕೆಳಗೆ, "ಅಂಕಲ್, ಕಾಲು ಎಣಿಸಿದೆ. ಆರೇ ಇವೆ. ಎಂಟು ಕಾಲಿನದು ಇನ್ನೂ ಸಿಕ್ಕಿಲ್ಲ."

ಹುಡುಕುತ್ತಿದ್ದಾನೆ. ಈ ಚಳಿಗಾಲದ ಪಿಕ್‌ನಿಕ್‌ಗೆ ನೀವೂ ಬನ್ನಿ, ಕ್ಯಾಮೆರಾ ತನ್ನಿ. ತುಂಬುತೋಳಿನ ಅಂಗಿ ಮಾತ್ರ ಮರೆಯಬೇಡಿ.